ಸಂಜೆಯ ಸಭೆಯ ಗುರು

ಮನುಷ್ಯನ ದಿನದಲ್ಲಿ ದುಡಿಮೆಯ ಹೊತ್ತು ಒಂದು, ವಿರಾಮದ ಹೊತ್ತು ಇನ್ನೊಂದು. ದುಡಿಮೆಯ ಹೊತ್ತಿನಲ್ಲಿ ಅವನು ಏನು ಮಾಡಬೇಕೆಂಬುದನ್ನು ಬಹುಮಟ್ಟಿಗೆ ಇತರರೇ ನಿರ್ಧರಿಸುತ್ತಾರೆ. ಶಾಲೆಯ ಗಂಟೆ, ಕಚೇರಿಯ ಗಡಿಯಾರ, ಹೊಲದ ಹಂಗಾಮು ಅವನನ್ನು ನಡೆಸುತ್ತವೆ. ವಿರಾಮದ ಹೊತ್ತಿಗೆ ಮಾತ್ರ ಅವನೇ ಒಡೆಯ. ಆದುದರಿಂದಲೇ ಒಬ್ಬನ ಮನಸ್ಸು ಎತ್ತ ಬೆಳೆಯುತ್ತಿದೆಯೆಂಬುದನ್ನು ತಿಳಿಯಬೇಕಾದರೆ ಅವನು ತನ್ನ ಸಂಜೆಯನ್ನು ಹೇಗೆ ಕಳೆಯುತ್ತಾನೆಂಬುದನ್ನು ನೋಡಬೇಕು.

ನಮ್ಮ ಹಳ್ಳಿಗಳಲ್ಲಿ ಹಿಂದೆ ಸಂಜೆಯ ಹೊತ್ತಿಗೆ ಭಜನೆ, ಹರಿಕಥೆ, ಪುರಾಣವಾಚನಗಳು ನಡೆಯುತ್ತಿದ್ದವು. ಸುಗ್ಗಿ ಮುಗಿದ ಮೇಲೆ ಬಯಲಾಟಗಳಿದ್ದವು. ಅವು ಜನರಿಗೆ ಮನರಂಜನೆಯನ್ನೂ ನೀತಿಯನ್ನೂ ಒಟ್ಟಿಗೆ ನೀಡುತ್ತಿದ್ದವು. ನಗರಗಳು ಬೆಳೆದಂತೆ ಈ ಕೂಟಗಳು ವಿರಳವಾದವು. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಉದ್ದಕ್ಕೂ ಚಿತ್ರಮಂದಿರಗಳು ಸಾಲುಗಟ್ಟಿದವು. ಹಳ್ಳಿಯಿಂದ ಓದಲು ಬಂದ ಹುಡುಗನಿಗೆ ಪಾಠ ಮುಗಿದ ಮೇಲೆ ಚಿತ್ರಮಂದಿರ, ಇಲ್ಲವೇ ಬೀದಿಯ ಮೂಲೆ, ಇವೆರಡೇ ಗತಿಯೆನ್ನುವ ಸ್ಥಿತಿ ಒದಗಿತು.

ಆದರೂ ಬೆಂಗಳೂರಿನ ದಕ್ಷಿಣ ಭಾಗ ಈ ವಿಷಯದಲ್ಲಿ ಪುಣ್ಯಶಾಲಿ. ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕಡಲೆಕಾಯಿ ಪರಿಷೆಯಿತ್ತು, ಬುಲ್ ಟೆಂಪಲ್ ರಸ್ತೆಯಲ್ಲಿ ರಾಮಕೃಷ್ಣ ಆಶ್ರಮವಿತ್ತು, ನೆರೆಯ ಚಾಮರಾಜಪೇಟೆಯಲ್ಲಿ ೧೯೩೯ರಿಂದ ಶ್ರೀರಾಮನವಮಿಯ ಸಂಗೀತೋತ್ಸವ ನಡೆದುಬಂದಿತ್ತು, ೧೯೪೫ರಲ್ಲಿ ಡಿ. ವಿ. ಗುಂಡಪ್ಪನವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿತ್ತು. ಭಕ್ತಿ, ಸಂಗೀತ, ಸಾಹಿತ್ಯಗಳ ಈ ನೆಲೆಗಳ ನಡುವೆ ವಿಜ್ಞಾನಕ್ಕೂ ಒಂದು ನೆಲೆಯನ್ನು ಕಲ್ಪಿಸಿ, ಸಂಜೆಯ ಹೊತ್ತಿನಲ್ಲಿ ಯುವಕರನ್ನು ಅತ್ತ ಕರೆದವರು ಡಾ. ಎಚ್. ನರಸಿಂಹಯ್ಯನವರು. ವಿದ್ಯಾರ್ಥಿಗಳೂ ಸ್ನೇಹಿತರೂ ಅವರನ್ನು ಎಚ್ಚೆನ್ ಎಂದೇ ಕರೆಯುತ್ತಿದ್ದರು.

ನರಸಿಂಹಯ್ಯನವರು ೧೯೨೦ನೆಯ ಇಸವಿ ಜೂನ್ ೬ರಂದು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಜನಿಸಿದರು. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಆ ಪ್ರದೇಶ ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಮಳೆ ಕಡಮೆಯಾದ, ಕಲ್ಲುಗುಡ್ಡಗಳ ನಾಡು ಅದು. ಮನೆಯಲ್ಲಿ ಬಡತನವಿತ್ತು. ಊರಿನ ಶಾಲೆಯಲ್ಲಿ ದೊರೆಯುತ್ತಿದ್ದ ವಿದ್ಯೆ ಮುಗಿದ ಮೇಲೆ ಮುಂದೆ ಓದಬೇಕಾದರೆ ಊರನ್ನು ಬಿಡಬೇಕು. ಊರನ್ನು ಬಿಡಬೇಕಾದರೆ ಕೈಯಲ್ಲಿ ಕಾಸು ಬೇಕು. ಅಂತಹ ಸ್ಥಿತಿಯಲ್ಲಿ ಬಹು ಮಂದಿ ಹುಡುಗರ ಓದು ಅಲ್ಲಿಗೇ ನಿಂತುಹೋಗುತ್ತಿತ್ತು.

ನರಸಿಂಹಯ್ಯನವರ ಓದು ನಿಲ್ಲಲಿಲ್ಲ. ೧೯೩೫ರಲ್ಲಿ, ತಮ್ಮ ಹದಿನೈದನೆಯ ವಯಸ್ಸಿನಲ್ಲಿ, ಅವರು ಬೆಂಗಳೂರಿಗೆ ಹೊರಟರು. ಬಸ್ಸಿಗೆ ಕೊಡಲು ಹಣವಿರಲಿಲ್ಲವಾಗಿ ಅಷ್ಟು ದೂರವನ್ನೂ ಕಾಲ್ನಡಿಗೆಯಲ್ಲಿಯೇ ಕ್ರಮಿಸಿದರು. ಇಂದು ಬಸ್ಸಿನಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿಯುವ ಆ ದಾರಿ ಅಂದು ಒಬ್ಬ ಬಾಲಕನಿಗೆ ಎಷ್ಟು ದೀರ್ಘವಾಗಿ ತೋರಿರಬಹುದೆಂಬುದನ್ನು ಊಹಿಸಬಹುದು. ವಿದ್ಯೆಗಾಗಿ ನಡೆದ ಆ ದಾರಿಯನ್ನು ಅವರು ಜೀವಮಾನದಲ್ಲಿ ಮರೆಯಲಿಲ್ಲ. ಮುಂದೆ ಆತ್ಮಕಥೆಯನ್ನು ಬರೆದಾಗ ಅದಕ್ಕೆ ‘ಹೋರಾಟದ ಹಾದಿ’ ಎಂದೇ ಹೆಸರಿಟ್ಟರು.

ಅವರು ಸೇರಿದುದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು. ಆನಿ ಬೆಸೆಂಟರು ಪ್ರೇರಕರಾಗಿದ್ದ ರಾಷ್ಟ್ರೀಯ ಶಿಕ್ಷಣದ ಆಂದೋಲನದ ಫಲವಾಗಿ ೧೯೧೭ರಲ್ಲಿ ಸ್ಥಾಪಿತವಾದ ಶಾಲೆ ಅದು. ಮಕ್ಕಳು ಪುಸ್ತಕದ ಪಾಠದ ಜೊತೆಗೆ ದೇಶವನ್ನೂ ಅರಿಯಬೇಕೆಂಬುದು ಅದರ ಧ್ಯೇಯವಾಗಿತ್ತು. ೧೯೩೬ರಲ್ಲಿ ಮಹಾತ್ಮಾ ಗಾಂಧಿಯವರು ಬೆಂಗಳೂರಿಗೆ ಬಂದಾಗ ಈ ಶಾಲೆಗೂ ಭೇಟಿ ನೀಡಿದರು. ಅವರು ಹಿಂದಿಯಲ್ಲಿ ಮಾಡಿದ ಭಾಷಣವನ್ನು ಕನ್ನಡಕ್ಕೆ ಅನುವಾದಿಸಿ ಹೇಳುವ ಹೊಣೆ ವಿದ್ಯಾರ್ಥಿಯಾಗಿದ್ದ ನರಸಿಂಹಯ್ಯನವರ ಪಾಲಿಗೆ ಬಂದಿತು. ಹಿಂದಿನ ವರ್ಷ ಬರಿಗೈಯಲ್ಲಿ ನಗರಕ್ಕೆ ನಡೆದುಬಂದ ಹಳ್ಳಿಯ ಹುಡುಗ, ಅಂದು ಗಾಂಧೀಜಿಯವರ ಪಕ್ಕದಲ್ಲಿ ನಿಂತು ಅವರ ಮಾತನ್ನು ಜನರಿಗೆ ಮುಟ್ಟಿಸಿದನು. ಗಾಂಧೀಜಿಯವರ ಪ್ರಭಾವ ಅವರ ಮೇಲೆ ಕೊನೆಯವರೆಗೂ ಉಳಿಯಿತು. ಖಾದಿಯ ಉಡುಪು, ಬಿಳಿಯ ಟೋಪಿ, ಮಿತವಾದ ಊಟ, ಮಿತವಾದ ಅಗತ್ಯಗಳು ಅವರ ಬಾಳಿನ ರೀತಿಯಾದವು.

ಪ್ರೌಢಶಾಲೆಯ ನಂತರ ಅವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಆಯ್ದುಕೊಂಡರು. ೧೯೪೨ರಲ್ಲಿ ಭಾರತ ಬಿಟ್ಟು ತೊಲಗಿ ಚಳವಳಿ ಆರಂಭವಾದಾಗ ಓದನ್ನು ಬದಿಗಿರಿಸಿ ಅದರಲ್ಲಿ ಧುಮುಕಿ ಸೆರೆಮನೆಯನ್ನು ಸೇರಿದರು. ಬೆಂಗಳೂರು, ಮೈಸೂರುಗಳ ಕಾರಾಗೃಹಗಳಲ್ಲದೆ ಪುಣೆಯ ಯೆರವಾಡ ಸೆರೆಮನೆಯನ್ನೂ ಅವರು ಕಂಡರು. ಬಿಡುಗಡೆಯಾದ ಮೇಲೆ ಮತ್ತೆ ತರಗತಿಗೆ ಹಿಂದಿರುಗಿ ವ್ಯಾಸಂಗವನ್ನು ಪೂರ್ಣಗೊಳಿಸಿದರು. ೧೯೪೬ರಲ್ಲಿ ಎಂ.ಎಸ್‌ಸಿ. ಪದವಿಯನ್ನು ಪಡೆದು, ಅದಕ್ಕೆ ಹಿಂದಿನ ವರ್ಷವಷ್ಟೇ ಆರಂಭವಾಗಿದ್ದ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ತಮ್ಮನ್ನು ಬೆಳೆಸಿದ ಸಂಸ್ಥೆಗೇ ಅವರು ತಮ್ಮ ದುಡಿಮೆಯನ್ನು ಒಪ್ಪಿಸಿದರು. ಮದುವೆಯಾಗಲಿಲ್ಲ, ಸ್ವಂತಕ್ಕೆ ಮನೆಯನ್ನು ಮಾಡಿಕೊಳ್ಳಲಿಲ್ಲ. ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯೇ ಅವರ ಮನೆಯಾಯಿತು. ನಿಲಯದ ಹುಡುಗರೇ ಅವರ ಕುಟುಂಬವಾದರು.

ಕೆಲವು ವರ್ಷಗಳ ಅಧ್ಯಾಪನದ ನಂತರ ಉನ್ನತ ಸಂಶೋಧನೆಗಾಗಿ ಅವರು ಅಮೆರಿಕಕ್ಕೆ ತೆರಳಿದರು. ಅಲ್ಲಿಯ ಓಹಿಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರಮಾಣುವಿನ ಬೀಜಕೇಂದ್ರವನ್ನು ಕುರಿತ ಭೌತಶಾಸ್ತ್ರದಲ್ಲಿ ಸಂಶೋಧನೆ ನಡೆಸಿ ೧೯೬೦ರಲ್ಲಿ ಡಾಕ್ಟರೇಟ್ ಪದವಿಯನ್ನು ಗಳಿಸಿದರು. ಹೊಸ ಶಾಸ್ತ್ರ ಭರದಿಂದ ಬೆಳೆಯುತ್ತಿದ್ದ ಕಾಲ ಅದು. ಆದರೆ ಅವರು ಅಲ್ಲಿ ನೆಲೆಸದೆ ಸ್ವದೇಶಕ್ಕೆ ಮರಳಿ, ಬಸವನಗುಡಿಯ ಅದೇ ಕಾಲೇಜನ್ನೂ ವಿದ್ಯಾರ್ಥಿನಿಲಯದ ಬಾಳನ್ನೂ ಮತ್ತೆ ಸೇರಿಕೊಂಡರು. ೧೯೬೧ರಲ್ಲಿ ಕಾಲೇಜಿನ ಪ್ರಾಂಶುಪಾಲರಾಗಿ, ೧೯೭೨ರವರೆಗೆ ಆ ಸ್ಥಾನದಲ್ಲಿ ಸೇವೆ ಸಲ್ಲಿಸಿದರು.

ಅಂದಿನ ಕಾಲೇಜುಗಳಲ್ಲಿ ವಿಜ್ಞಾನವನ್ನು ಓದುವ ವಿದ್ಯಾರ್ಥಿಗಳಿಗೆ ಕೊರತೆಯಿರಲಿಲ್ಲ. ಆದರೆ ಅವರಲ್ಲಿ ಹೆಚ್ಚಿನವರಿಗೆ ವಿಜ್ಞಾನವೆಂದರೆ ಪರೀಕ್ಷೆಗೆ ಕಂಠಪಾಠ ಮಾಡುವ ವಿಷಯವಾಗಿತ್ತು. ಪ್ರಯೋಗಶಾಲೆಯಲ್ಲಿ ಒಂದು ರೀತಿ, ಪ್ರಯೋಗಶಾಲೆಯ ಬಾಗಿಲು ದಾಟಿದ ಮೇಲೆ ಇನ್ನೊಂದು ರೀತಿ. ಗ್ರಹಣದ ಕಾರಣವನ್ನು ಉತ್ತರಪತ್ರಿಕೆಯಲ್ಲಿ ಸರಿಯಾಗಿ ಬರೆದವನೇ ಗ್ರಹಣದ ದಿನ ಭಯದಿಂದ ಬಾಗಿಲು ಮುಚ್ಚಿ ಕುಳಿತುಕೊಳ್ಳುತ್ತಿದ್ದನು. ಓದಿದುದು ಬಾಳಿಗೆ ಇಳಿಯದ ಇಂತಹ ಶಿಕ್ಷಣ ನರಸಿಂಹಯ್ಯನವರಿಗೆ ಒಪ್ಪಿಗೆಯಾಗಲಿಲ್ಲ. ತರಗತಿಯಲ್ಲಿ ಹಾಜರಿ ಕಡ್ಡಾಯ, ಪರೀಕ್ಷೆ ಕಡ್ಡಾಯ. ಕಡ್ಡಾಯವಿಲ್ಲದ ಹೊತ್ತಿನಲ್ಲಿ ಒಬ್ಬ ಯುವಕ ತಾನಾಗಿಯೇ ಬಂದು ಕುಳಿತು ಕೇಳಿದರೆ ಮಾತ್ರ ವಿಜ್ಞಾನ ಅವನದಾಗುತ್ತದೆ. ಇದನ್ನು ಕಂಡುಕೊಂಡದ್ದರಲ್ಲಿ ಅವರ ಹಿರಿಮೆಯಿದೆ.

೧೯೬೨ರಲ್ಲಿ ಅವರು ಬೆಂಗಳೂರು ಸೈನ್ಸ್ ಫೋರಂ, ಅಂದರೆ ಬೆಂಗಳೂರು ವಿಜ್ಞಾನ ವೇದಿಕೆ ಎಂಬ ಸಂಸ್ಥೆಯನ್ನು ನ್ಯಾಷನಲ್ ಕಾಲೇಜಿನಲ್ಲಿ ಆರಂಭಿಸಿದರು. ಅದರ ಕಾರ್ಯಕ್ರಮ ಅತ್ಯಂತ ಸರಳ. ವಾರಕ್ಕೊಮ್ಮೆ, ಬುಧವಾರದ ಸಂಜೆ, ಒಬ್ಬ ವಿದ್ವಾಂಸರಿಂದ ಉಪನ್ಯಾಸ. ವಿಷಯ ಒಮ್ಮೆ ನಕ್ಷತ್ರಗಳದಾದರೆ ಇನ್ನೊಮ್ಮೆ ರೋಗಾಣುಗಳದು. ಒಮ್ಮೆ ಗಣಿತವಾದರೆ ಮತ್ತೊಮ್ಮೆ ಬೇಸಾಯ. ನಡುನಡುವೆ ವಿಜ್ಞಾನದ ಚಲನಚಿತ್ರಗಳ ಪ್ರದರ್ಶನವೂ ಇರುತ್ತಿತ್ತು. ಬಾಗಿಲಲ್ಲಿ ಟಿಕೆಟ್ಟಿಲ್ಲ. ಕಾಲೇಜಿನ ವಿದ್ಯಾರ್ಥಿಯಾಗಿರಬೇಕೆಂಬ ನಿಬಂಧನೆಯೂ ಇಲ್ಲ. ತಿಳಿಯಬೇಕೆಂಬ ಆಸೆಯೊಂದಿದ್ದರೆ ಯಾರು ಬೇಕಾದರೂ ಬಂದು ಕುಳಿತುಕೊಳ್ಳಬಹುದಾಗಿತ್ತು. ಉಪನ್ಯಾಸ ಮುಗಿದ ಮೇಲೆ ಸಭಿಕರು ಎದ್ದು ನಿಂತು ಪ್ರಶ್ನೆ ಕೇಳಬಹುದಾಗಿತ್ತು. ದೊಡ್ಡ ವಿಜ್ಞಾನಿಯ ಎದುರಿಗೆ ಹದಿನೇಳು ವರ್ಷದ ಹುಡುಗನೊಬ್ಬ ಅಂಜದೆ ತನ್ನ ಸಂದೇಹವನ್ನು ಮುಂದಿಡುವುದು, ವಿಜ್ಞಾನಿ ಅದನ್ನು ಗೌರವದಿಂದ ಕೇಳಿ ಉತ್ತರಿಸುವುದು, ಇದು ತರಗತಿಯಲ್ಲಿ ಸುಲಭವಾಗಿ ದೊರೆಯದ ಶಿಕ್ಷಣ.

ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಮಂದಿರವೂ ಅನೇಕ ಸಂಶೋಧನಾಲಯಗಳೂ ಇದ್ದುದು ಈ ಕಾರ್ಯಕ್ಕೆ ಅನುಕೂಲವಾಯಿತು. ಅಲ್ಲಿಯ ವಿಜ್ಞಾನಿಗಳನ್ನು ನರಸಿಂಹಯ್ಯನವರು ಬಸವನಗುಡಿಗೆ ಕರೆತಂದರು. ಹೊರನಾಡುಗಳಿಂದ ನಗರಕ್ಕೆ ಬಂದ ವಿದ್ವಾಂಸರೂ ನೊಬೆಲ್ ಪ್ರಶಸ್ತಿ ಪಡೆದವರೂ ಈ ವೇದಿಕೆಯಿಂದ ಮಾತನಾಡಿದರು. ವಾರದ ಉಪನ್ಯಾಸಗಳ ಜೊತೆಗೆ ಜುಲೈ ತಿಂಗಳಿನಲ್ಲಿ ದಿನಕ್ಕೊಂದರಂತೆ ಉಪನ್ಯಾಸಗಳ ಸರಣಿಯೂ ನಡೆಯತೊಡಗಿತು. ಹಬ್ಬಕ್ಕೆ ಕಾದಂತೆ ಆಸಕ್ತರು ಆ ತಿಂಗಳಿಗಾಗಿ ಕಾಯುವಂತಾಯಿತು.

ಇಂತಹ ಸಂಜೆಯ ಉಪನ್ಯಾಸಗಳಿಗೆ ಲೋಕದಲ್ಲಿ ಹಿರಿಯ ಪರಂಪರೆಯೊಂದಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯಲ್ಲಿ ಹಂಫ್ರಿ ಡೇವಿ ಎಂಬ ರಸಾಯನಶಾಸ್ತ್ರಜ್ಞನು ಸಾರ್ವಜನಿಕ ಉಪನ್ಯಾಸಗಳನ್ನು ನೀಡುತ್ತಿದ್ದನು. ಪುಸ್ತಕಗಳಿಗೆ ರಟ್ಟು ಕಟ್ಟುವ ಕಸಬನ್ನು ಕಲಿಯುತ್ತಿದ್ದ ಬಡ ಯುವಕ ಮೈಕೇಲ್ ಫ್ಯಾರಡೆಯು ೧೮೧೨ರಲ್ಲಿ ಆ ಉಪನ್ಯಾಸಗಳನ್ನು ಕೇಳಿದನು. ಕೇಳಿದುದನ್ನೆಲ್ಲ ಬರೆದುಕೊಂಡು, ಅದಕ್ಕೆ ತನ್ನ ಕೈಯಿಂದಲೇ ರಟ್ಟು ಕಟ್ಟಿ, ಡೇವಿಗೆ ಕಳುಹಿಸಿದನು. ಮರುವರ್ಷ ಅದೇ ಸಂಸ್ಥೆಯಲ್ಲಿ ಅವನಿಗೆ ಸಹಾಯಕನ ಕೆಲಸ ದೊರೆಯಿತು. ಮುಂದೆ ವಿದ್ಯುತ್ತನ್ನು ಕುರಿತ ಮಹತ್ತರವಾದ ಶೋಧಗಳನ್ನು ಮಾಡಿದ ಅವನು, ತನಗೆ ದೊರೆತ ಭಾಗ್ಯ ಇತರರಿಗೂ ದೊರೆಯಲೆಂದು ೧೮೨೦ರ ದಶಕದಲ್ಲಿ ಶುಕ್ರವಾರದ ಸಂಜೆಯ ಉಪನ್ಯಾಸಗಳನ್ನು ಅಲ್ಲಿ ಬೆಳೆಸಿದನು. ಬಾಗಿಲು ತೆರೆದ ಒಂದು ಸಭಾಂಗಣ ಒಬ್ಬ ಬಡವನ ಬಾಳನ್ನು ಎತ್ತ ಕೊಂಡೊಯ್ಯಬಲ್ಲುದೆಂಬುದಕ್ಕೆ ಇದು ನಿದರ್ಶನ. ಬಡತನದಿಂದಲೇ ಬಂದ ನರಸಿಂಹಯ್ಯನವರು ಬೆಂಗಳೂರಿನಲ್ಲಿ ಅಂತಹ ಬಾಗಿಲೊಂದನ್ನು ತೆರೆದಿಟ್ಟರು.

ವಿಜ್ಞಾನದ ಆರಾಧಕರಾದ ಅವರಿಗೆ ಕಲೆಯಲ್ಲಿ ಅನಾದರವಿತ್ತೆಂದು ತಿಳಿಯಬಾರದು. ಬುದ್ಧಿಗೆ ವಿಜ್ಞಾನ ಹೇಗೋ ಹೃದಯಕ್ಕೆ ಕಲೆ ಹಾಗೆ ಅವಶ್ಯಕವೆಂಬುದು ಅವರ ನಂಬಿಕೆಯಾಗಿತ್ತು. ಬೆಂಗಳೂರು ಲಲಿತಕಲಾ ಪರಿಷತ್ತನ್ನು ಸ್ಥಾಪಿಸಿ, ಸಂಗೀತ, ನೃತ್ಯ, ನಾಟಕಗಳನ್ನು ಕಾಲೇಜಿನ ಆವರಣಕ್ಕೆ ತಂದರು. ಮನರಂಜನೆಯನ್ನು ದೂಷಿಸುತ್ತ ಕುಳಿತರೆ ಯುವಕರು ಅದರಿಂದ ದೂರವಾಗುವುದಿಲ್ಲ. ಅದಕ್ಕಿಂತ ಉತ್ತಮವಾದುದನ್ನು ಅವರ ಕೈಗೆಟಕುವಂತೆ ಇಟ್ಟರೆ ಅವರಾಗಿಯೇ ಅದನ್ನು ಆರಿಸಿಕೊಳ್ಳುತ್ತಾರೆ. ನರಸಿಂಹಯ್ಯನವರ ಕಾರ್ಯವಿಧಾನದ ಹಿಂದಿದ್ದ ತಿಳಿವಳಿಕೆ ಇದೇ.

೧೯೭೨ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ನೇಮಕಗೊಂಡರು. ೧೯೭೭ರವರೆಗೆ ಆ ಹೊಣೆಯನ್ನು ಹೊತ್ತರು. ಅಧಿಕಾರ ದೊರೆತರೂ ಅವರ ವೇಷಭೂಷಣಗಳು ಬದಲಾಗಲಿಲ್ಲ, ಸರಳತೆ ಕುಂದಲಿಲ್ಲ. ಅವರ ಕಾಲದಲ್ಲಿ ವಿಶ್ವವಿದ್ಯಾಲಯದಲ್ಲಿ ನೃತ್ಯ, ನಾಟಕ ಮತ್ತು ಸಂಗೀತಗಳ ವಿಭಾಗ ಪ್ರಾರಂಭವಾಯಿತು. ಕಾಲೇಜಿನ ಸಂಜೆಗಳಲ್ಲಿ ಮನ್ನಣೆ ಪಡೆದಿದ್ದ ಕಲೆಗಳಿಗೆ ಹೀಗೆ ಪದವಿಯ ವ್ಯಾಸಂಗದಲ್ಲಿಯೂ ಸ್ಥಾನ ದೊರೆಯಿತು.

ಅದೇ ಅವಧಿಯಲ್ಲಿ ಅವರು ಕೈಗೊಂಡ ಇನ್ನೊಂದು ಕಾರ್ಯ ದೇಶದ ಗಮನವನ್ನು ಸೆಳೆಯಿತು. ಪವಾಡಗಳನ್ನೂ, ಪರೀಕ್ಷೆಗೆ ಒಳಪಡಿಸಬಹುದಾದ ಮೂಢನಂಬಿಕೆಗಳನ್ನೂ ಪರಿಶೀಲಿಸುವುದಕ್ಕಾಗಿ ೧೯೭೬ರಲ್ಲಿ ವಿಶ್ವವಿದ್ಯಾಲಯದ ಪರವಾಗಿ ಒಂದು ಸಮಿತಿಯನ್ನು ರಚಿಸಿ, ತಾವೇ ಅದರ ಅಧ್ಯಕ್ಷರಾದರು. ಇದರಿಂದ ಪತ್ರಿಕೆಗಳಲ್ಲಿ ದೀರ್ಘವಾದ ಚರ್ಚೆ ನಡೆಯಿತು. ಮೆಚ್ಚಿದವರಿದ್ದರು, ಜನರ ಶ್ರದ್ಧೆಯ ವಿಷಯದಲ್ಲಿ ವಿಶ್ವವಿದ್ಯಾಲಯ ಕೈಹಾಕುವುದು ತರವಲ್ಲವೆಂದು ಆಕ್ಷೇಪಿಸಿದವರೂ ಇದ್ದರು. ನರಸಿಂಹಯ್ಯನವರು ತಮ್ಮ ನಿಲುವನ್ನು ಸಡಿಲಿಸಲಿಲ್ಲ. ಯಾವುದನ್ನೇ ಆಗಲಿ ಪ್ರಶ್ನಿಸದೆ ಒಪ್ಪಬಾರದು. ವಿಚಾರದ ಒರೆಗಲ್ಲಿಗೆ ಹಚ್ಚಿ, ನಿಂತುದನ್ನು ಮಾತ್ರ ಸ್ವೀಕರಿಸಬೇಕು ಎಂಬುದು ಅವರು ಬಾಳಿನುದ್ದಕ್ಕೂ ಸಾರಿದ ತತ್ತ್ವ. ಭಕ್ತಿಯ ಹಾದಿಯಲ್ಲಿ ಯುವಕರನ್ನು ತಿದ್ದುವ ಸಂಸ್ಥೆಗಳ ನೆರೆಯಲ್ಲಿಯೇ ಅವರ ವಿಚಾರದ ಹಾದಿಯೂ ಸಾಗಿತು. ಹಾದಿಗಳು ಬೇರೆಯಾದರೂ ಯುವಕರ ಬಿಡುವಿನ ಹೊತ್ತು ಹಾಳಾಗಬಾರದೆಂಬ ಕಾಳಜಿ ಒಂದೇ ಆಗಿತ್ತು. ಆ ನೆರೆಹೊರೆಯಲ್ಲಿ ಬೆಳೆದ ಹುಡುಗನಿಗೆ ಎರಡನ್ನೂ ಕಂಡು, ಕೇಳಿ, ತನ್ನ ಬುದ್ಧಿಯಿಂದ ತೂಗಿ ನೋಡುವ ಅವಕಾಶವಿತ್ತು.

ನಗರದ ಯುವಕರಿಗೆ ದೊರೆತ ಅನುಕೂಲ ಹಳ್ಳಿಯ ಮಕ್ಕಳಿಗೆ ಇಲ್ಲವೆಂಬ ಕೊರಗು ಅವರಿಗಿತ್ತು. ರಾಷ್ಟ್ರೀಯ ಶಿಕ್ಷಣ ಸಂಸ್ಥೆಯ ಅಧ್ಯಕ್ಷರಾಗಿ, ಬರಪೀಡಿತ ಪ್ರದೇಶವಾದ ಬಾಗೇಪಲ್ಲಿ ಮುಂತಾದ ಕಡೆಗಳಲ್ಲಿ ವಿದ್ಯಾಸಂಸ್ಥೆಗಳನ್ನು ಬೆಳೆಸಲು ಶ್ರಮಿಸಿದರು. ಬೆಂಗಳೂರಿನಲ್ಲಿಯೂ, ಆಗತಾನೆ ವಿಸ್ತಾರಗೊಳ್ಳುತ್ತಿದ್ದ ಜಯನಗರದಲ್ಲಿ ಸಂಸ್ಥೆಯ ಇನ್ನೊಂದು ಕಾಲೇಜು ೧೯೬೫ರಲ್ಲಿ ತಲೆಯೆತ್ತಿತು. ವಿದ್ಯೆಗಾಗಿ ತಾವು ನಡೆದಷ್ಟು ದೂರವನ್ನು ಮುಂದಿನ ಮಕ್ಕಳು ನಡೆಯಬೇಕಾಗಬಾರದೆಂಬ ಹಂಬಲ ಈ ಕಾರ್ಯಗಳಲ್ಲೆಲ್ಲ ಎದ್ದು ಕಾಣುತ್ತದೆ.

೧೯೮೧ರಲ್ಲಿ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾಯಿತು. ಮನರಂಜನೆ ಮನೆಯ ನಡುಮನೆಗೇ ಬಂದು ಕುಳಿತಿತು. ಸಂಜೆಯ ಸಭೆಗಳಿಗೆ ಹೋಗುವವರು ಯಾರು ಎಂಬ ಪ್ರಶ್ನೆ ಎಲ್ಲೆಡೆ ಕೇಳಿಬಂದ ಕಾಲ ಅದು. ಆದರೆ ಬುಧವಾರದ ಉಪನ್ಯಾಸ ನಿಲ್ಲಲಿಲ್ಲ. ಜನ ಹೆಚ್ಚಿರಲಿ, ಕಡಮೆಯಿರಲಿ, ಮಳೆಯಿರಲಿ, ಚಳಿಯಿರಲಿ, ವಾರಕ್ಕೊಮ್ಮೆ ಸಭಾಂಗಣದ ಬಾಗಿಲು ತೆರೆಯುತ್ತಿತ್ತು. ಒಳ್ಳೆಯ ಕಾರ್ಯವನ್ನು ಉತ್ಸಾಹದಿಂದ ಆರಂಭಿಸುವವರು ಅನೇಕರು. ಅದನ್ನು ವಾರವಾರವೂ, ವರ್ಷವರ್ಷವೂ ಬಿಡದೆ ನಡೆಸುವವರು ಕೆಲವರು. ನರಸಿಂಹಯ್ಯನವರು ಆ ಕೆಲವರಲ್ಲಿ ಒಬ್ಬರು.

ಅವರ ಸೇವೆಗೆ ಮನ್ನಣೆಯೂ ದೊರೆಯಿತು. ೧೯೮೪ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿ ಗೌರವಿಸಿತು. ‘ತೆರೆದ ಮನ’ ಎಂಬುದು ಅವರ ಲೇಖನಗಳ ಸಂಕಲನ. ಪುಸ್ತಕಕ್ಕೆ ಮಾತ್ರವಲ್ಲದೆ ಅವರ ವ್ಯಕ್ತಿತ್ವಕ್ಕೂ ಆ ಹೆಸರು ಸಲ್ಲುತ್ತದೆ. ಪ್ರಶಸ್ತಿಗಳು ಬಂದಾಗಲೂ ಅವರು ವಿದ್ಯಾರ್ಥಿನಿಲಯದ ಕೊಠಡಿಯಲ್ಲಿಯೇ ಇದ್ದರು. ಹಾಸಿಗೆ, ಪುಸ್ತಕಗಳು, ಕೆಲವು ಖಾದಿ ಬಟ್ಟೆಗಳು, ಇಷ್ಟರಲ್ಲಿ ತೃಪ್ತರಾಗಿ ಬಾಳಬಹುದೆಂಬುದನ್ನು ನಿಲಯದ ಹುಡುಗರು ಉಪದೇಶದಿಂದಲ್ಲ, ದಿನನಿತ್ಯ ಕಣ್ಣಾರೆ ಕಂಡು ಕಲಿತರು.

೨೦೦೫ರ ಜನವರಿ ೩೧ರಂದು ನರಸಿಂಹಯ್ಯನವರು ಬೆಂಗಳೂರಿನಲ್ಲಿ ನಿಧನರಾದರು. ಸಂಸ್ಥಾಪಕರು ಕಣ್ಮರೆಯಾದೊಡನೆ ಸಂಸ್ಥೆಗಳೂ ಸೊರಗುವುದುಂಟು. ಬೆಂಗಳೂರು ಸೈನ್ಸ್ ಫೋರಂ ಹಾಗಾಗಲಿಲ್ಲ. ಅವರ ಶಿಷ್ಯರೂ ಸಹೋದ್ಯೋಗಿಗಳೂ ಉಪನ್ಯಾಸಗಳನ್ನು ಮುಂದುವರಿಸಿಕೊಂಡು ಬಂದರು. ೨೦೧೭ರಲ್ಲಿ ಆ ಭಾಗದಲ್ಲಿ ಮೆಟ್ರೊ ರೈಲು ಓಡತೊಡಗಿದಾಗ ಕಾಲೇಜಿನ ಬಳಿಯ ನಿಲ್ದಾಣಕ್ಕೆ ನ್ಯಾಷನಲ್ ಕಾಲೇಜಿನ ಹೆಸರೇ ನಿಂತಿತು.

ಇಂದಿನ ಬಾಲಕ ಬಾಲಕಿಯರಿಗೆ ಮನರಂಜನೆಗಾಗಿ ಮನೆಯಿಂದ ಹೊರಗೆ ಹೋಗಬೇಕಾದ ಅಗತ್ಯವೇ ಇಲ್ಲ. ಅಂಗೈಯಲ್ಲಿರುವ ಮೊಬೈಲಿನಲ್ಲಿಯೇ ಅದು ಹಗಲಿರುಳೂ ಕಾದಿರುತ್ತದೆ. ಅದೇ ಮೊಬೈಲಿನಲ್ಲಿ ಲೋಕದ ಜ್ಞಾನವೂ ಇದೆ. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆ ಮಾತ್ರ ಅಂದಿನಂತೆ ಇಂದಿಗೂ ಉಳಿದಿದೆ. ಅದಕ್ಕೆ ಪ್ರತಿಯೊಬ್ಬರೂ ತಮ್ಮ ಬಿಡುವಿನ ಹೊತ್ತಿನಲ್ಲಿ ತಾವೇ ಉತ್ತರ ಹೇಳಬೇಕು. ನರಸಿಂಹಯ್ಯನವರು ಯಾರ ಕೈಯನ್ನೂ ಹಿಡಿದೆಳೆದು ಸಭೆಗೆ ತರಲಿಲ್ಲ. ಬಾಗಿಲನ್ನು ತೆರೆದಿಟ್ಟರು, ದೀಪವನ್ನು ಹಚ್ಚಿಟ್ಟರು; ಒಳಗೆ ಬರುವ ನಿರ್ಧಾರವನ್ನು ಯುವಕರಿಗೇ ಬಿಟ್ಟರು. ಹಾಗೆ ಬಂದವರು ತಮ್ಮೊಡನೆ ಒಂದು ಪ್ರಶ್ನೆಯನ್ನಾದರೂ ಮನೆಗೆ ಕೊಂಡೊಯ್ದರೆ ಆ ಸಂಜೆ ಸಾರ್ಥಕವಾಯಿತೆಂದು ಆ ಗುರು ಭಾವಿಸುತ್ತಿದ್ದರು.